ತಿದ್ದಿದ ಕೆನ್ನೆ

ಲೇಸರ್ ಕೋಣೆಯಲ್ಲಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ ಮೇಲೆ ಅವಳಿಗೆ ತಾನು ನೀರಿನಡಿ ಮಲಗಿದಂತೆ ಅನ್ನಿಸಿತು. ಇನ್ನು ಹತ್ತು ನಿಮಿಷ, ಎಡಗೆನ್ನೆಯ ಕಂದು ಮಚ್ಚೆ ಕರಗತೊಡಗುತ್ತದೆ. ಗಂಡನ ಫೋಟೋ ಸ್ಟುಡಿಯೋದಲ್ಲಿ ಕೂತು ಊರವರ ಮುಖದ ಕಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿದವಳು ಅವಳು. ಇಂದು ತನ್ನ ಸರದಿ ಎಂದುಕೊಂಡಳು.

ಆದರೆ ವೈದ್ಯೆ ಯಂತ್ರ ಹಚ್ಚಲಿಲ್ಲ. ಮಸೂರ ಹಿಡಿದು ಬಹಳ ಹೊತ್ತು ನೋಡಿ ಅವಳ ಕನ್ನಡಕ ತೆಗೆದರು.

"ಇದು ಯಾವಾಗಿಂದ ಇದೆಯಮ್ಮ?"

"ಮೊದಲಿಂದ ಇರ್ಬೇಕು ಡಾಕ್ಟ್ರೇ. ಸರಿಯಾಗಿ ನೆನಪಿಲ್ಲ."

"ಇದರ ಒಂದು ಅಂಚು ನೋಡಿದ್ರೆ ನಂಗೆ ಸಮಾಧಾನ ಆಗ್ತಿಲ್ಲ. ಇದು ಬೆಳೀತಿದ್ರೆ ಮೊದಲು ಚೂರು ತೆಗೆದು ಪರೀಕ್ಷೆ ಮಾಡಿಸ್ಬೇಕು. ಲೇಸರ್ ಮೇಲಿನ ಬಣ್ಣ ಸುಟ್ಬಿಡುತ್ತೆ, ಕೆಳಗೇನಿದೆ ಅಂತ ಗೊತ್ತಾಗಲ್ಲ. ಹಳೇ ಫೋಟೋ ಇದ್ರೆ ತಗೊಂಬನ್ನಿ."

ಸ್ಟುಡಿಯೋದವರ ಮನೆಯಲ್ಲಿ ಫೋಟೋಗೇನು ಬರ. ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಒಂದೊಂದನ್ನೇ ತೆರೆದಳು. ಮಗಳನ್ನು ಎತ್ತಿಕೊಂಡದ್ದು, ಸಮುದ್ರದ ದಡದ್ದು, ಅಕ್ಕನ ಮನೆಯದು. ಎಲ್ಲದರಲ್ಲೂ ಕೆನ್ನೆ ತೊಳೆದಿಟ್ಟ ಪಿಂಗಾಣಿ ಬಟ್ಟಲು. ಗಿರಾಕಿಗಳ ಮೂಲ ಪ್ರತಿಯನ್ನು ಜೋಪಾನವಾಗಿ ಇಡುತ್ತಿದ್ದವಳು ತನ್ನದನ್ನು ಮಾತ್ರ ಮೂಲದ ಮೇಲೆಯೇ ತಿದ್ದಿಬಿಟ್ಟಿದ್ದಳು. ನುಣುಪು ಮುಖದ ಆ ಹೆಂಗಸು ಪರದೆಯೊಳಗಿಂದ ಬೇರೆ ಯಾರನ್ನೋ ನೋಡಿ ನಗುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೆ ತನ್ನ ಕೆನ್ನೆಯೇ ಸುಳ್ಳು ಅನ್ನಿಸತೊಡಗಿತು.

ಗಂಡ ಕ್ಯಾಮೆರಾ ಒರೆಸುತ್ತ ಒಳಗೆ ಬಂದ.

"ಏನು, ಸಿನಿಮಾಕ್ಕೆ ಸೇರೋ ಯೋಚನೆನಾ?"

"ರೀ, ನನ್ನ ಮೊದಲ ಫೋಟೋ ತೆಗೆದಾಗ ಈ ಮಚ್ಚೆ ಇತ್ತಾ?"

"ಇತ್ತಲ್ಲ. ಫೋಕಸ್ ಅದರ ಮೇಲೇ ಕೂರಿಸ್ತಿದ್ದೆ. ಅದು ಸ್ಪಷ್ಟ ಕಂಡ್ರೆ ಇಡೀ ಮುಖ ಸರಿ ಬಂತು ಅಂತ. ನಿಂಗೆ ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ."

"ಎಷ್ಟಿತ್ತು?"

"ಎಳ್ಳಿನಷ್ಟು. ಹುಡುಕೋಕೆ ಕಣ್ಣು ಕಿರಿದು ಮಾಡ್ಬೇಕಿತ್ತು. ಈಗ ಬಿಡು, ಆ ಬೀದಿ ತುದಿಯಿಂದಾನೇ..." ನಗುತ್ತಿದ್ದವನು ಅವಳ ಮುಖ ನೋಡಿ ಕ್ಯಾಮೆರಾ ಕೆಳಗಿಟ್ಟ.

ಅವಳು ಫೋನ್ ಎತ್ತಿದಳು.

"ಡಾಕ್ಟ್ರೇ, ಬೆಳೆದಿದೆ. ಫೋಟೋ ಇಲ್ಲ, ನಮ್ಮನೆಯವರು ನೋಡಿದಾರೆ. ಮೊದಲು ಚೂರು ತೆಗೆದುಬಿಡಿ. ಲೇಸರ್ ಆಮೇಲಿನ ಮಾತು."

ನಾಳೆ ಒಂಬತ್ತಕ್ಕೆ ಬನ್ನಿ ಎಂದರು. ಫೋನ್ ಇಡುವಷ್ಟರಲ್ಲಿ ಗಂಡ ದೀಪ ಹಾಕಿ ಸ್ಟೂಲು ಎಳೆದಿದ್ದ.

"ಕೂತ್ಕೋ. ಇವತ್ತಿನ ಫೋಟೋ ಒಂದು ಇರ್ಲಿ. ಇದನ್ನ ಮಾತ್ರ ತಿದ್ಬೇಡ."

ಅವಳು ಎಡಗೆನ್ನೆಯನ್ನು ಬೆಳಕಿನ ಕಡೆ ತಿರುಗಿಸಿದಳು.