ಮಿಕ್ಕ ಎರಡು ಮಾತ್ರೆ

"ಬುಟ್ಟೋದ ಜ್ವರ ಯಾಕೆ ತಿರುಗಿ ಬಂತು?"

ಮಾಯಮ್ಮ ಯಾರನ್ನೂ ನೋಡದೆ ಕೇಳಿದಳು. ಕೋಣೆಯಲ್ಲಿ ಇದ್ದದ್ದು ಬಾಣಂತಿ ಮಗಳು ಇಂದ್ರಮ್ಮ, ಅವಳ ಪಕ್ಕದಲ್ಲಿ ಹದಿಮೂರು ದಿನದ ಕೂಸು, ಅಷ್ಟೇ. ಮಗಳ ಹಣೆಯ ಮೇಲಿಟ್ಟ ಅಂಗೈಯನ್ನು ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಒಲೆಯ ಮುಂದೆ ಕೂತು ಬಂದ ಕೈ, ಅದರ ಬಿಸಿಯೇ ಇರಲಿ ದೇವರೇ ಅಂದುಕೊಂಡು ಮತ್ತೊಮ್ಮೆ ಹಣೆ ಮುಟ್ಟಿದಳು. ಕೈಯ ಬಿಸಿ ಅಲ್ಲ. ಇಂದ್ರಮ್ಮನ ಹಲ್ಲು ಕಟಕಟ ಅನ್ನುತ್ತಿತ್ತು.

ಹೆತ್ತ ನಾಲ್ಕನೆಯ ದಿನ ಇದೇ ಜ್ವರ ಹತ್ತಿದಾಗ ಮಾಯಮ್ಮನ ಗಂಡ ನಿಂಗಯ್ಯ ಮಂಡ್ಯಕ್ಕೆ ಗಾಡಿ ಹೊಡೆದಿದ್ದ. ಡಾಕ್ಟರ ಶಾಪಿನ ಕಾಂಪೌಂಡರ್ ಬಾಬು ಜಾನ್ ಮೂವತ್ತು ಬಿಳಿ ಮಾತ್ರೆ ಎಣಿಸಿ ಕೊಟ್ಟು, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎರಡು, ಐದು ದಿನ ಅಂದಿದ್ದ. ಎರಡೇ ದಿನಕ್ಕೆ ಮೈ ತಣ್ಣಗಾಗಿತ್ತು, ಮಾತ್ರೆ ಅಲ್ಲಿಗೇ ನಿಂತಿತ್ತು. ಮೂವತ್ತು ವರ್ಷ ಊರಿನ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಚಿಕ್ಕಬೋರಮ್ಮ ಬಾಗಿಲಲ್ಲೇ ನಿಂತು ಕೈ ಮುಗಿದಿದ್ದಳು. ಬಾಣಂತಿ ಜ್ವರ ಹತ್ತಿದ ಹೆಣ್ಣು ಹೀಗೆ ಎದ್ದು ಕೂತದ್ದನ್ನು ಅವಳು ಹೆಚ್ಚು ಕಂಡವಳಲ್ಲ.

ಕೊತ್ತತ್ತಿ ಊರಿಗೆಲ್ಲ ಸುದ್ದಿ ಹರಡಿತು. ಗುಡಿಯ ಕುಂಕುಮ ಕೇಳುವ ಹಾಗೆ ಜನ ಆ ಮಾತ್ರೆ ಕೇಳಿಕೊಂಡು ಬಂದರು. ಮದ್ದು ಮಿಕ್ಕಿದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಅದನ್ನು ಹುಡುಕಿಕೊಂಡು ರೋಗ ತಿರುಗಿ ಬರುತ್ತದೆ ಎಂದು ಮಾಯಮ್ಮನ ಅತ್ತೆ ಹೇಳುತ್ತಿದ್ದಳು. ಬಾಗಿಲಿಗೆ ಬಂದವರಿಗೆ ಇಲ್ಲ ಅಂದು ಮಾಯಮ್ಮನಿಗೆ ಅಭ್ಯಾಸವೂ ಇರಲಿಲ್ಲ. ಕೈ ತೊಳೆದುಕೊಂಡು, ವೀಳ್ಯದೆಲೆಯ ಮೇಲಿಟ್ಟು, ಮೂರು ಮನೆಗೆ ಎರಡೆರಡು ಕೊಟ್ಟಳು. ಮಿಕ್ಕ ಹನ್ನೆರಡು ನಶ್ಯದ ಡಬ್ಬಿಯಲ್ಲಿ ಬಿದ್ದಿದ್ದವು.

ಈಗ ರೋಗ ತಿರುಗಿ ಬಂದಿತ್ತು. ಅವಳು ಆ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು ತಾನೇ ಗಾಡಿ ಹತ್ತಿದಳು.

ಎರಡೇ ದಿನ ಕೊಟ್ಟದ್ದು ಎಂದು ಕೇಳಿ ಬಾಬು ಜಾನ್ ಡಬ್ಬಿ ತೆರೆದು ನೋಡಿದ. ಅವನ ಹಿಂದಿನ ಕಪಾಟಿನಲ್ಲಿ ಖಾಲಿ ಶೀಸೆಗಳೇ ಜಾಸ್ತಿ.

"ಇದರಲ್ಲಿ ಹದಿನೆಂಟು ಇರಬೇಕು, ಇಲ್ಲಾ ಏನೂ ಇರಬಾರದು. ಇದೇನಮ್ಮ ಹನ್ನೆರಡು?"

"ಜ್ವರ ಬುಡ್ತು ಸಾಬ್ರೇ. ವಾಸಿಯಾದ ಮ್ಯಾಕೂ ಯಾಕೆ ನುಂಗಾದು ಅಂತ..." ಮಾಯಮ್ಮ ಮೂರು ಮನೆಯ ಹೆಸರನ್ನೂ ಹೇಳಿದಳು.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಆ ಜ್ವರದ ಹುಳ ಕಣ್ಣಿಗೆ ಕಾಣಲ್ಲ ಕಣಮ್ಮ. ಎರಡು ದಿನಕ್ಕೆ ಬಡಕಲು ಹುಳ ಸತ್ತವು. ಗಟ್ಟಿಯವು ಉಳಕೊಂಡವು. ಈಗ ನಿಮ್ಮ ಹುಡುಗಿ ಮೈಯಲ್ಲಿ ಇರೋದು ಆ ಗಟ್ಟಿ ಹುಳದ ಸಂಸಾರ."

ಮೂವತ್ತು ವರ್ಷ ಗದ್ದೆಯಲ್ಲಿ ಬಗ್ಗಿದ ಹೆಂಗಸು ಮಾಯಮ್ಮ. "ಅರ್ಧ ಕಳೆ ಕಿತ್ತು ಎದ್ದು ಬಂದಂಗೆ," ಅಂದಳು.

"ಉಳಿದ ಕಳೆ ಬೀಜ ಉದುರಿಸಿದರೆ?"

"ನಾಲೆ ನೀರಲ್ಲಿ ತೇಲ್ಕಂಡು ಪಕ್ಕದೋರ ಗದ್ದೆಗೂ ಓಯ್ತದೆ."

"ಅಷ್ಟೇ. ಪಟಾಲಮ್ಮಿನ ಆಸ್ಪತ್ರೆಗಳಲ್ಲಿ ಕೆಲವು ಸಿಪಾಯಿಗಳಿಗೆ ಈಗಾಗಲೇ ಈ ಮಾತ್ರೆ ಹತ್ತೋದೇ ಇಲ್ಲವಂತೆ, ನಮ್ಮ ಡಾಕ್ಟ್ರು ಕಾಗದದಲ್ಲಿ ಓದಿ ಹೇಳಿದರು. ನಿಮ್ಮ ಮಗಳಿಗೆ ಇನ್ನೂ ಹತ್ತಬಹುದು. ಆದರೆ ಹದಿನೆಂಟೂ ಬೇಕು. ಮೂರು ದಿನ, ಒಂದು ಹೊತ್ತೂ ತಪ್ಪಬಾರದು." ಅವನು ಕಪಾಟಿನ ಕಡೆ ಕೈ ತೋರಿಸಿದ. "ಯುದ್ಧ ನಡೀತಾ ಇದೆ, ಮದ್ದೆಲ್ಲ ಪಟಾಲಮ್ಮಿಗೇ ಹೋಗುತ್ತೆ. ನನ್ನ ಹತ್ತಿರ ಒಂದೂ ಇಲ್ಲ. ಕೊಟ್ಟದ್ದನ್ನ ಈಸ್ಕೊಳ್ಳಿ. ನೀರು ಜಾಸ್ತಿ ಕುಡಿಸಿ."

"ಬಾಣಂತಿಗೆ ನೀರಾ?"

"ಬಾಣಂತಿಗೇ."

ಕೊಟ್ಟದ್ದನ್ನು ವಾಪಸು ಕೇಳುವುದು. ಗಾಡಿಯಲ್ಲಿ ಬರುವಾಗ ಅವಳು ಆ ಮಾತನ್ನು ಬಾಯೊಳಗೇ ಹೇಳಿ ನೋಡಿಕೊಂಡಳು, ಮಾತು ಹೊರಗೆ ಬರಲಿಲ್ಲ. ಊರ ಬಾಗಿಲ ಹತ್ತಿರ ಗುಡಿಯಲ್ಲಿ ಯಾರೋ ಪುರಾಣದ ಪದ್ಯ ಓದುತ್ತಿದ್ದರು. ದಿನವೂ ಕೇಳುತ್ತಿದ್ದ ರಾಗ ಇವತ್ತು ಯಾವುದೋ ಬೇರೆ ಊರಿನದರ ಹಾಗೆ ಕೇಳಿಸಿತು. ಗುಡಿಯ ಮುಂದೆಯೇ ಇಳಿದು ಮೊದಲ ಮನೆಗೆ ನಡೆದಳು.

ಮುದುಕ ಅಂಕಯ್ಯ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದ. "ಅವಾ? ನುಂಗ್ಬುಟ್ಟೆ ಕಣಮ್ಮಿ, ಎರಡನ್ನೂ ಒಟ್ಟಿಗೆ. ಮಂಡಿನೋವಿಗೆ."

"ವಾಸಿ ಆಯ್ತಾ ಮಾವ?"

"ಎಲ್ಲೀದು. ಇನ್ನೆರಡು ಇದ್ದಿದ್ರೆ ಆಯ್ತಿತ್ತೇನೋ."

ಎರಡನೆಯ ಮನೆಯ ಸಣ್ಣತಾಯಮ್ಮ ಒಂದು ಮಾತ್ರೆಯನ್ನು ದೇವರ ಗೂಡಿನಿಂದ ತಂದುಕೊಟ್ಟಳು. ಇನ್ನೊಂದು ಅವಳ ಎಂಟು ತಿಂಗಳ ಮಗುವಿನ ಉಡಿದಾರದಲ್ಲಿತ್ತು, ಕೆಂಪು ಬಟ್ಟೆಯೊಳಗೆ ಹೊಲಿದದ್ದು. ಮಗು ಅದನ್ನು ಬಾಯಿಗೆ ಎಳೆದುಕೊಳ್ಳುತ್ತಿತ್ತು.

"ಕಟ್ಟಿದ್ದ ಬಿಚ್ಬಾರ್ದು ಅಂತಾರೆ ಅಕ್ಕ. ಮಗೀಗೆ ಏನಾರ ಆದ್ರೆ?"

ಮಾಯಮ್ಮ ಮಗುವಿನ ಬಾಯಿಂದ ಬಟ್ಟೆ ಬಿಡಿಸಿದಳು. "ನನ್ನ ಮಗಳೂ ಒಂದು ಕಾಲ್ದಲ್ಲಿ ಇಷ್ಟೇ ಇದ್ಲು ಕಣವ್ವ," ಅಂದಳು. ಸಣ್ಣತಾಯಮ್ಮ ಬಗ್ಗಿ, ಹಲ್ಲಿನಲ್ಲೇ ಹೊಲಿಗೆ ಬಿಡಿಸಿದಳು. ಖಾಲಿಯಾದ ಬಟ್ಟೆಯೊಳಗೆ ಮಾಯಮ್ಮ ಒಂದು ಅರಿಶಿನದ ಚೂರನ್ನು ಇಟ್ಟು ಕಟ್ಟಿದಳು.

ಮೂರನೆಯದು ಚಿಕ್ಕಬೋರಮ್ಮನ ಮನೆ. ಅವಳು ಮಾತು ಮುಗಿಯುವ ಮೊದಲೇ ಎದ್ದು, ಹೆರಿಗೆಗೆ ಒಯ್ಯುವ ಚೀಲಕ್ಕೆ ಕೈ ಹಾಕಿ, ಹರಳೆಣ್ಣೆ ಶೀಸೆಯ ಕೆಳಗಿಂದ ಎರಡನ್ನೂ ತೆಗೆದಳು. "ಕೊಟ್ಟಿದ್ದ ಈಸ್ಕಳಾದ ಯಾವಾಗ ಕಲ್ತೆ ನೀನು?" ಅಂದಳು. ಅಂದುಬಿಟ್ಟು ಮಾಯಮ್ಮನ ಅಂಗೈಯನ್ನು ತಾನೇ ಮುಚ್ಚಿದಳು. "ಓಗು. ಒತ್ತಾಯ್ತದೆ."

ಹದಿನಾರಾಯಿತು. ಹದಿನೆಂಟಕ್ಕೆ ಎರಡು ಕಡಮೆ.

ಮರುದಿನ ಬೆಳಿಗ್ಗೆಯಿಂದ ಶುರು ಮಾಡಿದರು. ಬಾಣಂತಿಯ ಕೋಣೆಗೆ ತಂಬಿಗೆ ತಂಬಿಗೆ ನೀರು ಹೋಗುವುದನ್ನು ಕಂಡು ಕೇರಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಇಂದ್ರಮ್ಮ ಒಂದು ಸಲ ವಾಂತಿ ಮಾಡಿಕೊಂಡಳು. ಮಾತ್ರೆ ಹೊರಗೆ ಬಂತೋ ಎಂದು ಮಾಯಮ್ಮ ದೀಪ ಹಿಡಿದು ನೆಲ ನೋಡಿದಳು. ಬಂದಿರಲಿಲ್ಲ. ಹೋದಸಲ ಎರಡೇ ದಿನಕ್ಕೆ ಇಳಿದ ಜ್ವರ ಈ ಸಲ ಎರಡನೆಯ ದಿನ ರಾತ್ರಿಯಾದರೂ ಹಾಗೇ ಇತ್ತು. ಕಿರುಗಾವಲಿನಲ್ಲಿದ್ದ ಅಳಿಯನಿಗೆ ಹೇಳಿಕಳಿಸಲೇ ಎಂದು ನಿಂಗಯ್ಯ ಕೇಳಿದ. ಮಾಯಮ್ಮ ಮಗಳ ಬಾಯಿಗೆ ಮತ್ತೊಂದು ತಂಬಿಗೆ ಹಿಡಿದಳು.

ಮೂರನೆಯ ದಿನ ಬೆಳಕು ಹರಿಯುವಾಗ ಮಗಳ ಕುತ್ತಿಗೆ ಒದ್ದೆಯಾಗಿತ್ತು. ಮಾಯಮ್ಮ ಸೆರಗಿನಿಂದ ಒರೆಸಿದಳು, ಮತ್ತೆ ಬೆವರು ಬಂತು. ಮತ್ತೆ ಒರೆಸಿದಳು. ಹಣೆ ತಣ್ಣಗಿತ್ತು. "ಅವ್ವ, ಅಸಿವಾಯ್ತದೆ," ಅಂದಳು ಇಂದ್ರಮ್ಮ. ಮಾಯಮ್ಮ ಅಡುಗೆಮನೆಗೆ ಹೋಗಿ, ಒಲೆ ಹಚ್ಚುವುದನ್ನು ಬಿಟ್ಟು, ಗೋಡೆಗೆ ಒರಗಿ ನಿಂತುಕೊಂಡಳು. ಗುಡಿಯ ಕಡೆಯಿಂದ ಪದ್ಯ ಕೇಳಿಸುತ್ತಿತ್ತು. ಅದೇ ಹಳೆಯ ರಾಗ, ತನ್ನೂರಿನದು. ಎರಡು ಪದ್ಯ ಮುಗಿಯುವ ತನಕ ಅವಳು ಹಾಗೇ ನಿಂತಿದ್ದಳು.

ಬೆಳಗಿನ ಎರಡು, ಮಧ್ಯಾಹ್ನದ ಎರಡು, ಹದಿನಾರೂ ಮುಗಿದವು. ಆಮೇಲೆ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಬಾಬು ಜಾನ್ ದೂಳು ಕೊಡವಿಕೊಂಡು, ಜೇಬಿನಿಂದ ಒಂದು ಪೊಟ್ಟಣ ತೆಗೆದ. ಒಳಗೆ ಎರಡು ಮಾತ್ರೆ.

"ಎಲ್ಲಿ ಸಿಕ್ತು ಸಾಬ್ರೇ?"

ಅವನು ಹೊಸ್ತಿಲ ಕಡೆ ನೋಡಿದ. "ನಮ್ಮನೇಲಿ. ಹೋದ ತಿಂಗಳು ನನ್ನ ಹೆಂಡತಿ ಜೈನಾಬ್‌ಗೆ ಗಂಟಲು ಬಾತಿತ್ತು. ಕಡಿಮೆಯಾಯ್ತು ಅಂತ ಎರಡು ಎತ್ತಿಟ್ಟಿದ್ದಳು. ಎತ್ತಿಡು ಅಂದೋನು ನಾನೇ." ಮಜ್ಜಿಗೆ ಕುಡಿದು, "ರಾತ್ರಿ ಊಟ ಆದಮೇಲೆ ಕೊಡಿ. ಮರೀಬೇಡಿ," ಅಂದು ಸೈಕಲ್ ಹತ್ತಿದ.

ಇಳಿಹೊತ್ತಿಗೆ ಚಿಕ್ಕಬೋರಮ್ಮ ಕೂಸಿಗೆ ನೀರೆರೆಯಲು ಬಂದಳು. ಕಾಲು ನೀಡಿ, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕಿದಳು. ಒಳಗೆ ಇಂದ್ರಮ್ಮ ಮೆಣಸಿನ ಸಾರು ಕಲಸಿದ ಅನ್ನ ಉಣ್ಣುತ್ತ, ಸಾರಿಗೆ ಉಪ್ಪು ಕಡಮೆ ಎಂದು ಕೂಗಿ ಹೇಳಿದಳು.

"ಉಪ್ಪಿನ ಸುದ್ದಿ ಬಂತಲ್ಲ, ಇನ್ನೇನಿಲ್ಲ ಬುಡು," ಅಂದಳು ಚಿಕ್ಕಬೋರಮ್ಮ. ಕೂಸನ್ನು ಒರೆಸಿ ಬಟ್ಟೆ ಸುತ್ತಿ ಕೊಡುವಾಗ ಅವಳ ಕಣ್ಣು ಗೂಡಿನಲ್ಲಿದ್ದ ನಶ್ಯದ ಡಬ್ಬಿಯ ಮೇಲೆ ನಿಂತಿತು.

"ಎಷ್ಟು ಅವೆ?"

"ಎರಡು. ರಾತ್ರೀದು."

"ಎಣ್ಣು ಎದ್ದು ಕೂತು ಅನ್ನ ಉಣ್ತಾವ್ಳೆ. ಅವ ನಂಗೆ ಕೊಡು ಮಾಯಿ. ಬರೋ ವಾರ ಆಚೆ ಕೇರೀಲಿ ಎರಿಗೆ ಅದೆ, ಚೊಚ್ಚಲು. ನನ್ನ ಚೀಲದಲ್ಲಿ ಎರಡು ಇದ್ರೆ ನಂಗೊಂದು ಧೈರ್ಯ. ನೀ ಕೇಳ್ದಾಗ ನಾ ಕೊಡ್ಲಿಲ್ವಾ?"

ಕೊಟ್ಟಿದ್ದಳು. ಇಂದ್ರಮ್ಮ ಹುಟ್ಟಿದಾಗ ಮೊದಲು ಮುಟ್ಟಿದ್ದೂ ಆ ಕೈಯೇ. ಈ ಕೂಸನ್ನು ಮುಟ್ಟಿದ್ದೂ ಆ ಕೈಯೇ. ಅದು ಈಗ ಎಣ್ಣೆ ಮೆತ್ತಿಕೊಂಡು, ಅಂಗೈ ಮೇಲಾಗಿ, ಮಾಯಮ್ಮನ ಮುಂದೆ ಚಾಚಿಕೊಂಡಿತ್ತು.

ಮಾಯಮ್ಮ ಎದ್ದು ಡಬ್ಬಿಯನ್ನು ಗೂಡಿನಿಂದ ತೆಗೆದುಕೊಂಡಳು. ಮುಚ್ಚಳವನ್ನು ಇನ್ನೊಂದು ಸಲ ಒತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೊಡಾಕಿಲ್ಲ ಕಣಮ್ಮಿ," ಅಂದಳು.