ಒಂದೇ ಟ್ಯೂಬಿನ ಮುಲಾಮು

ಇಸ್ತ್ರಿ ಅಂಗಡಿಯವನ ಬಲಗೈ ಗಾಯ ಮಾಯುತ್ತಲೇ ಇರಲಿಲ್ಲ. ಕಾದ ಪೆಟ್ಟಿಗೆ ತಾಗಿ ಸುಟ್ಟದ್ದು; ಅವನ ಕೆಲಸದಲ್ಲಿ ಅದೇನೂ ಹೊಸದಲ್ಲ. ಆದರೆ ಈ ಸಲ ಒಣಗಿದಂತೆ ಕಂಡದ್ದು ಮತ್ತೆ ಕೆಂಪಾಗಿ ಕೀವು ತುಂಬುತ್ತಿತ್ತು. ಪೆಟ್ಟಿಗೆ ಹಿಡಿಯಲು ಬೆರಳು ಮಡಚಲಾಗುತ್ತಿರಲಿಲ್ಲ. ಹೆಂಡತಿ ಒಬ್ಬಳೇ ಎಷ್ಟು ದುಡಿದರೂ ಬಟ್ಟೆಯ ಗಂಟುಗಳು ಬೆಂಚಿನ ಮೇಲೆ ಏರುತ್ತಲೇ ಇದ್ದವು. ಈ ಕೈ ಸರಿಹೋಗದಿದ್ದರೆ ಅಂಗಡಿಯ ಗತಿಯೇನು?

ಅವಳಿಗೆ ಅರ್ಥವಾಗದ ಸಂಗತಿ ಇನ್ನೊಂದಿತ್ತು. ಇಸ್ತ್ರಿ ಮೇಜಿನ ಕೆಳಗೆ ಬೆಚ್ಚಗೆ ಮಲಗುವ ಅವರ ಕಪ್ಪು ನಾಯಿ ಮಸಿಯ ಕಿವಿಯ ಹಿಂದೆ ಒಂದು ಹುಣ್ಣಾಗಿತ್ತು. ಅದೂ ಹೀಗೆಯೇ ಆಡುತ್ತಿತ್ತು. ಇವನದು ಒಣಗಿದಾಗ ಅದರದು ಒಸರುವುದು, ಅದರದು ಒಣಗಿದಾಗ ಇವನದು. ಇಬ್ಬರೂ ಸರದಿ ಹಾಕಿಕೊಂಡಂತೆ.

ಅವಳು ಆರೈಕೆಯಲ್ಲಿ ಕಡಿಮೆ ಮಾಡಿರಲಿಲ್ಲ. ಪ್ರಾಣಿಗಳ ಆಸ್ಪತ್ರೆಯಲ್ಲಿ ಮಸಿಗೆಂದು ಕೊಟ್ಟ ಮುಲಾಮು ಚೆನ್ನಾಗಿದೆಯೆಂದು ಗಂಡನ ಕೈಗೂ ಹಚ್ಚಿದ್ದಳು. ಗಂಡ ನುಂಗದೆ ಉಳಿಸಿದ ಮಾತ್ರೆಗಳನ್ನು ಪುಡಿ ಮಾಡಿ ಮಸಿಯ ಊಟಕ್ಕೆ ಬೆರೆಸಿದ್ದಳು. ಯಾವುದನ್ನೂ ದಂಡ ಮಾಡುವ ಹೆಂಗಸಲ್ಲ ಅವಳು.

ಅತ್ತೆಗೆ ಮಾತ್ರ ಗೊಂದಲವೇ ಇರಲಿಲ್ಲ. “ಎಲ್ಲಾ ಈ ನಾಯಿದೇ ಕಿತಾಪತಿ. ನಾಳೆ ಬೆಳಿಗ್ಗೆ ಹಾಲಿನ ವ್ಯಾನಿಗೆ ಹತ್ತಿಸಿಬಿಡು. ಅವನು ಎಲ್ಲಾದರೂ ದೂರ ಬಿಟ್ಟು ಬರ್ತಾನೆ,” ಅಂದರು ಮಗನಿಗೆ. ಮಗ ಹೂಂ ಅಂದ. ಆದರೆ ಮೇಜಿನ ಕೆಳಗೆ ನೋಡುವ ಧೈರ್ಯವಾಗಲಿಲ್ಲ ಅವನಿಗೆ.

ಅಂದು ಸಂಜೆ, ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಇಸ್ತ್ರಿಗೆ ಕೊಟ್ಟಿದ್ದ ತಮ್ಮ ಬಿಳಿ ಕೋಟುಗಳನ್ನು ಒಯ್ಯಲು ಬಂದರು. ಹೆಂಡತಿ ಮಸಿಯ ಹುಣ್ಣಿಗೆ ಮುಲಾಮು ಹಚ್ಚಿ, ಬೆರಳನ್ನು ಸೆರಗಿಗೆ ಒರೆಸಿ, ಅದೇ ಟ್ಯೂಬು ಹಿಡಿದು ಗಂಡನ ಕೈ ಕಡೆ ತಿರುಗಿದ್ದಳು.

“ಸ್ವಲ್ಪ ತಡಿಯಮ್ಮ,” ಅಂದರು ಡಾಕ್ಟರಮ್ಮ. “ಅದೇ ಬೆರಳಾ?”

“ಒರೆಸಿಕೊಂಡೆನಲ್ಲ ಡಾಕ್ಟ್ರೇ?”

ಅವರು ಕೂತು ಒಂದೊಂದಾಗಿ ಕೇಳಿದರು. ಮಾತ್ರೆ ಪೂರ್ತಿ ತೆಗೆದುಕೊಂಡಿರಾ? ಇಲ್ಲ, ಗಾಯ ಒಣಗಿತೆಂದು ಬಿಟ್ಟೆ ಎಂದ ಅವನು. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು, “ನನ್ನ ಮೈಗೆ ಮಾತ್ರೆ ಒಗ್ಗಿಹೋಗಿದೆ. ಈಗ ಏನು ನುಂಗಿದ್ರೂ ನಾಟಲ್ಲ,” ಅಂದ.

“ಒಗ್ಗಿರೋದು ನಿಮ್ಮ ಮೈಗಲ್ಲ, ರೋಗಾಣುವಿಗೆ ಇರಬೇಕು.”

ಔಷಧಿಯನ್ನು ಬೇಕಾಬಿಟ್ಟಿ ಬಳಸಿದರೆ ಬಡಪಾಯಿ ರೋಗಾಣುಗಳು ಸಾಯುತ್ತವೆ, ಗಟ್ಟಿಯಾದವು ಉಳಿದು ಹೆಚ್ಚುತ್ತವೆ, ಆಮೇಲೆ ಆ ಔಷಧಿಗೆ ಅವು ಜಗ್ಗುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಮುಟ್ಟುವುದರಿಂದ, ನೆಕ್ಕುವುದರಿಂದ, ಒಂದೇ ಬಟ್ಟೆಯಿಂದ ಅವು ಮನುಷ್ಯರ ಮತ್ತು ಸಾಕುಪ್ರಾಣಿಗಳ ನಡುವೆ ಓಡಾಡಬಲ್ಲವಂತೆ. ಆದರೂ ಇಬ್ಬರ ಕೀವನ್ನೂ ಪರೀಕ್ಷೆ ಮಾಡಿಸದೆ ಏನೂ ಹೇಳಲಾಗದು ಎಂದರು.

“ಹಾಗಾದ್ರೆ ನಾಯಿಯಿಂದಲೇ ಬಂತು ಅಂತಾಯ್ತಲ್ಲ?” ಅತ್ತೆ ಬಿಡಲಿಲ್ಲ.

“ಇರಬಹುದು ಅಜ್ಜಿ. ನಿಮ್ಮ ಮಗನಿಂದ ನಾಯಿಗೆ ಹೋಗಿರಲೂಬಹುದು.”

“ಹಾಗಿದ್ರೆ ನಾಳೆ ನಾನೂ ವ್ಯಾನ್ ಹತ್ತಬೇಕೇನಮ್ಮ?” ಅಂದ ಮಗ.

ಮರುದಿನ ವ್ಯಾನು ಬಂದಾಗ, ಪರೀಕ್ಷೆಯ ವಿಷಯ ತಿಳಿಯುವ ತನಕ ನಾಯಿ ಇಲ್ಲೇ ಇರಲಿ ಎಂದು ಅತ್ತೆಯೇ ಅದನ್ನು ಖಾಲಿ ಕಳಿಸಿಬಿಟ್ಟರು.

ಪರೀಕ್ಷೆಯಲ್ಲಿ ಕಂಡಂತೆ, ಇಬ್ಬರಲ್ಲೂ ಇದ್ದದ್ದು ಒಂದೇ ಬಗೆಯ ರೋಗಾಣು. ಅವನು ನುಂಗುತ್ತಿದ್ದ ಮಾತ್ರೆಗೆ ಅದು ಜಗ್ಗುವಂಥದಲ್ಲ. ಆದರೆ ಬೇರೊಂದು ಔಷಧಿಗೆ ಸಾಯುತ್ತಿತ್ತು. ಯಾರಿಂದ ಯಾರಿಗೆ ಹೋಯಿತೆಂದು ಮಾತ್ರ ಪರೀಕ್ಷೆಯೂ ಹೇಳಲಿಲ್ಲ. ಹೆಂಡತಿಗೆ ಆ ಗೊಂದಲ ಕೊನೆಗೂ ಬಗೆಹರಿಯಲಿಲ್ಲ. ಮಾಡಬೇಕಾದ ಕೆಲಸ ಮಾತ್ರ ಸ್ಪಷ್ಟವಾಗಿತ್ತು. ಅವನಿಗೆ ಅವನ ಡಾಕ್ಟರು ಬರೆದ ಔಷಧಿ, ಮಸಿಗೆ ಅದರ ಡಾಕ್ಟರು ಕೊಟ್ಟದ್ದು. ಗಾಯಕ್ಕೆ ಪಟ್ಟಿ. ಮಸಿಯನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈತೊಳೆಯುವುದು. ಅದರ ಹಾಸಿಗೆ ಬಟ್ಟೆಗೆ ಬಿಸಿನೀರು, ಬೇರೆ ಬಕೆಟ್ಟು. ಮಸಿ ಮೇಜಿನ ಕೆಳಗಿಂದ ಬಾಗಿಲ ಮೂಲೆಗೆ ಹೋಯಿತು, ಬಹಳ ಮುನಿಸಿನಿಂದ.

ಗಾಯ ಒಣಗಿದ್ದೇ ಅವನು ಮಾತ್ರೆ ಬಿಡಲು ನೋಡಿದ. ನೀರಿನ ಲೋಟ ಹಿಡಿದು ಎದುರು ನಿಂತದ್ದು ಅತ್ತೆ. “ಒಣಗಿದ್ದು ಮೇಲಿನ ಚರ್ಮ. ಒಳಗಿಂದು ನಿನಗೆ ಕಾಣ್ಸುತ್ತಾ? ಡಾಕ್ಟ್ರು ಸಾಕು ಅನ್ನೋವರೆಗೆ ನುಂಗು.”

ಈಗ ಅವನ ಕೈ ಪೆಟ್ಟಿಗೆ ಹಿಡಿಯುತ್ತದೆ. ಮೊನ್ನೆ ಹಾಲಿನ ವ್ಯಾನಿನವನು ನಿಲ್ಲಿಸಿ, ನಾಯಿ ಕಳಿಸ್ತೀರಾ ಅಜ್ಜಿ ಎಂದು ಕೇಳಿದ. ಮಸಿ ಅವರ ಕಾಲ ಬಳಿಯೇ ಮಲಗಿತ್ತು.

“ಇಲ್ಲಿ ಹತ್ತೋರು ಯಾರೂ ಇಲ್ಲ. ನಡಿಯಪ್ಪ,” ಅಂದರು ಅತ್ತೆ.

ಓದುತ್ತಿರುವ ನಿಮ್ಮ ಮನೆಯಲ್ಲೂ ಉಳಿದ ಮಾತ್ರೆಯ ಡಬ್ಬಿಯೊಂದು ಇರಬಹುದು. ದಯವಿಟ್ಟು ಅದರಿಂದ ಯಾರಿಗೂ ಕೊಡಬೇಡಿ, ಮನುಷ್ಯರಿಗೂ, ಪ್ರಾಣಿಗೂ. ಡಾಕ್ಟರನ್ನು ಕೇಳದೆ ಔಷಧಿ ಶುರು ಮಾಡಬೇಡಿ, ಕೇಳದೆ ನಿಲ್ಲಿಸಲೂಬೇಡಿ. ಮಾಯದ ಗಾಯವಿದ್ದರೆ, ಮನೆಯಲ್ಲಿ ನಾಯಿಯೋ ಬೆಕ್ಕೋ ಇದೆಯೆಂದು ಡಾಕ್ಟರಿಗೆ ಮರೆಯದೆ ಹೇಳಿ. ಮತ್ತೆ, ಯಾರಿಂದ ಬಂತೆಂದು ತಿಳಿಯದ ತಪ್ಪಿಗೆ ಆ ಮೂಕಪ್ರಾಣಿಯನ್ನು ಬೀದಿಪಾಲು ಮಾಡಬೇಡಿ.