ಚಿತ್ರದೊಳಗಿನ ಕುರಿ

"ಏ ಕುರಿಹಿಕ್ಕಿ, ಪಾಟಿಗೆ ಉಗುಳಬ್ಯಾಡ. ನಿನ್ನೆಂಜಲ ನನ್ನ ಮಗಳ ಓದಿಗೆ ಹತ್ತತೈತಿ."

ಪಡಸಾಲೆಯ ಮೇಲಿಂದ ಸಾವ್ಕಾರ್ತಿ ಮಹಾಂತಮ್ಮ ಕೂಗಿದ್ದು. ಆಶಮ್ಮ ಉಗುಳಿರಲಿಲ್ಲ. ಅಂಗಳದ ದೋಣಿಕಲ್ಲಿನ ನೀರಿನಲ್ಲಿ ಅಮರಮ್ಮನ ಪಾಟಿಯನ್ನು ಅದ್ದಿ, ಇದ್ದಿಲು ಹಚ್ಚಿ ಉಜ್ಜುತ್ತಿದ್ದಳು. ಇಲ್ಲವೆಂದು ಹೇಳಿದರೆ ಎದುರುತ್ತರವಾಗುತ್ತದೆ. ಸುಮ್ಮನೆ ಇನ್ನೊಮ್ಮೆ ತೊಳೆದಳು.

ಅವಳ ತಾಯಿ ಕುರುಮಮ್ಮ ಶರಣಯ್ಯ ಸಾವ್ಕಾರರ ದನದ ಕೊಟ್ಟಿಗೆ ಬಳಿಯುವವಳು. ಸಾವ್ಕಾರರ ಮಗಳು ಅಮರಮ್ಮ ಒಬ್ಬಳೇ ಶಾಲೆಗೆ ಹೋಗಲು ಅಳುತ್ತಾಳೆಂದು, ಅವಳ ಚೀಲ ಹೊರಲು ಆಶಮ್ಮನನ್ನು ಕಳಿಸಿದ್ದರು. ಮಕ್ತಲದ ಪೇಟೆ ಹಿಂದೆ ಹೆಣ್ಣುಮಕ್ಕಳ ಶಾಲೆ ಹೊಸದಾಗಿ ಬಂದಿತ್ತು. ಹುಡುಗಿಯರು ಸಾಲದೆ ಬಾಗಿಲು ಮುಚ್ಚುವ ಹುಕುಂ ಬಂದೀತೆಂದು ಮಾಸ್ತರ ಕರಿಬಸಯ್ಯ ಚೀಲ ಹೊತ್ತವಳ ಹೆಸರನ್ನೂ ಹಾಜರಿಗೆ ಸೇರಿಸಿಕೊಂಡ. ಹಾಗೆ ಕುರಿಹಟ್ಟಿಯ ಹುಡುಗಿ ಹಿಂದಿನ ಗೋಡೆಗೆ ಒರಗಿ ಕೂತು, ನೆಲದ ಮಣ್ಣಿನ ಮೇಲೆ ಬೆರಳಿನಿಂದ ಬರೆದು ಬರೆದು ಅಕ್ಷರ ಕಲಿತಳು. ಅಮರಮ್ಮನಿಗಿಂತ ಮೊದಲೇ ಕಲಿತಳು.

ಆಶಮ್ಮನ ಹೊಟ್ಟೆಯುರಿಗೆ ಅದೇ ಮೂಲ. ಓದು ತನಗೆ ಬರುತ್ತದೆ, ಮರದ ಚೌಕಟ್ಟಿನ ಪಾಟಿ ಅವಳದು. ಲೆಕ್ಕ ತನಗೆ ಬರುತ್ತದೆ, ಮಾಸ್ತರನ ಎದುರಿನ ಹೊಸ ಚಾಪೆ ಅವಳದು. ಅಮರಮ್ಮನ ಜಡೆಯಲ್ಲಿ ಹೈದರಾಬಾದಿನಿಂದ ತರಿಸಿದ ಕೆಂಪು ರಿಬ್ಬನ್ನು ಕುಣಿಯುವುದನ್ನು ಹಿಂದಿನಿಂದ ನೋಡುತ್ತ ನೋಡುತ್ತ, ಆ ಜಡೆ ಬೀಸುಕಲ್ಲಿಗೆ ಸಿಗಲಿ ಎಂದು ಆಶಮ್ಮ ಬೀರಪ್ಪನನ್ನು ಬೇಡಿಕೊಂಡದ್ದುಂಟು. ದೇವರಲ್ಲಿ ಇಂಥದ್ದು ಕೇಳಬಾರದೆಂದು ಗೊತ್ತಿತ್ತು. ಮರುದಿನವೂ ಕೇಳಿದಳು.

ಆ ದಿನ ಪಾಟಿ ಒಂದಿಷ್ಟು ಜಾಸ್ತಿಯೇ ಮಿಂಚಬೇಕಿತ್ತು. ಹೈದರಾಬಾದಿನಿಂದ ಸಾಹೇಬರು ಬಂದಿದ್ದರು. ಮಕ್ಕಳ ಬುದ್ಧಿ ಅಳೆಯುವ ವಿಲಾಯತಿ ಪರೀಕ್ಷೆ, ಇಮ್ತಿಹಾನು, ತಂದಿದ್ದಾರೆ, ಗೆದ್ದವರಿಗಷ್ಟೇ ಮುಂದಿನ ತರಗತಿ ಎಂದು ಕರಿಬಸಯ್ಯ ಸಾರಿದ್ದ. ಬುದ್ಧಿ ಅಳೆಯುತ್ತಾರೆಂದು ಕೇಳಿ ಆಶಮ್ಮನಿಗೆ ಹಿಂದಿನ ಸಂಜೆಯೆಲ್ಲ ಹಿಗ್ಗು. ಚೌಕಟ್ಟು, ಚಾಪೆ, ರಿಬ್ಬನ್ನು ಯಾವುದನ್ನೂ ಅಳೆಯುವುದಿಲ್ಲವಲ್ಲ. ಇದೊಂದರಲ್ಲಿ ಅಮರಮ್ಮನನ್ನು ಹಿಂದೆ ಹಾಕುತ್ತೇನೆ ಎಂದುಕೊಂಡಿದ್ದಳು.

ಸಾಹೇಬರು ತೆಳ್ಳನೆಯ, ಕೆಮ್ಮುವ ಮನುಷ್ಯ. ಕೆಟ್ಟವರಂತೆ ಕಾಣಲಿಲ್ಲ. ಅವರಿಗೆ ಉರ್ದು ಬಿಟ್ಟು ಬೇರೆ ಬಾರದು. ಅವರು ಕೇಳಿದ್ದನ್ನು ಮಾಸ್ತರ ಕನ್ನಡದಲ್ಲಿ ಹೇಳುವುದು, ಹುಡುಗಿ ಹೇಳಿದ್ದನ್ನು ಉರ್ದುವಿನಲ್ಲಿ ತಿಳಿಸುವುದು. ಒಬ್ಬೊಬ್ಬರನ್ನೇ ಒಳಗೆ ಕರೆದರು. ಅಮರಮ್ಮ ನಗುತ್ತ ಹೊರಗೆ ಬಂದಳು. ಆಶಮ್ಮ ಕೊನೆಯವಳು.

ಮೊದಲು ಒಂದು ಚಿತ್ರ ಮುಂದಿಟ್ಟರು. ಉದ್ದನೆಯ ಪೆಟ್ಟಿಗೆ, ಅದರಲ್ಲಿ ಬಿಳಿ ಗುಂಡು ತಟ್ಟೆ, ತಟ್ಟೆಯ ಸುತ್ತ ಗೆರೆಗಳು.

"ಇದ್ರಾಗ ಏನ್ ಕಮ್ಮಿ ಐತಿ ಹೇಳು," ಎಂದ ಕರಿಬಸಯ್ಯ.

"ಇದು ಏನ್ರಿ ಮಾಸ್ತರ್ರ?"

"ಅದನ್ನ ಹೇಳಂಗಿಲ್ಲ. ಕಮ್ಮಿ ಏನೈತಿ, ಅಷ್ಟ ಹೇಳು."

ಅವಳು ನೋಡಿಯೇ ನೋಡಿದಳು. ಏನೆಂದು ತಿಳಿಯದ ವಸ್ತುವಿನಲ್ಲಿ ಇಲ್ಲದ್ದನ್ನು ಹುಡುಕುವುದು ಹೇಗೆ? ಸಾಹೇಬರು ಹಾಳೆ ತಿರುವಿದರು. ಅದು ಗಡಿಯಾರವೆಂದೂ, ಅದಕ್ಕೆ ಮುಳ್ಳಿರಲಿಲ್ಲವೆಂದೂ ಆಮೇಲೆ ಅಮರಮ್ಮನೇ ಹೇಳಿದಳು. ಸಾವ್ಕಾರರ ನಡುಮನೆಯಲ್ಲಿ ಅದು ಢಣ್ ಎನ್ನುವುದನ್ನು ಆಶಮ್ಮ ಅಂಗಳದಲ್ಲಿ ನಿಂತು ದಿನಾ ಕೇಳಿದ್ದಳು. ಪಡಸಾಲೆ ಹತ್ತುವ ಹಕ್ಕಿಲ್ಲದವಳಿಗೆ ಅದರ ಮೋರೆ ಎಲ್ಲಿಂದ ಕಾಣಬೇಕು.

ಎರಡನೆಯ ಚಿತ್ರ ನೋಡಿ ಜೀವ ಬಂತು. ಕುರಿಗಳು. ಮರದ ಕೆಳಗೆ, ಬದುವಿನ ಮೇಲೆ, ಒಂದು ಪೊದೆಯ ಹಿಂದೆ ಅರ್ಧ ಮರೆಯಾಗಿ.

"ಎಷ್ಟು ಕುರಿ ಅದಾವ?"

ಕಣ್ಣಿಗೆ ಲೆಕ್ಕ ಸಿಕ್ಕಿಬಿಟ್ಟಿತು. ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ.

ಅವರ ಹಟ್ಟಿಯಲ್ಲಿ ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಮಂದೆ ಸವೆಯುತ್ತದೆ. ಸಂಜೆ ಅಜ್ಜ ಬೀರಯ್ಯ ದೊಡ್ಡಿಯ ಬಾಯಲ್ಲಿ ನಿಂತು ಕರಿಮೂತಿ ಬಂತು, ಮುರುಕುಗೊಂಬು ಬಂತು, ಬಿಳಿಹಣೆ ಬಂತು ಎಂದು ಮುಖ ನೋಡಿ ಒಳಗೆ ಬಿಡುತ್ತಾನೆ. ಬಾರದ್ದು ಯಾವುದೆಂದು ತಾನೇ ಗೊತ್ತಾಗುತ್ತದೆ. ಹಿಂದೊಮ್ಮೆ ಪುಲ್ಲರಿ ವಸೂಲಿಗೆ ಬಂದ ಅಮೀನ, ಮೇವಿನ ತೆರಿಗೆಗೆಂದು, ಬೇಡವೆಂದರೂ ಕೋಲಿನಿಂದ ಮುಟ್ಟಿ ಮುಟ್ಟಿ ಗಟ್ಟಿಯಾಗಿ ಎಣಿಸಿದ. ಆ ಮಳೆಗಾಲ ಗಂಟಲಬೇನೆ ಬಂದು ಅರ್ಧ ದೊಡ್ಡಿ ಬರಿದಾಯಿತು. ಸತ್ತ ಮರಿಗಳನ್ನು ಹೂಳಲು ಹೊತ್ತು ಹೋದವಳು ಆಶಮ್ಮನೇ.

"ಎಣಸಬಾರದ್ರಿ ಮಾಸ್ತರ್ರ," ಎಂದಳು. "ಎಣಿಸಿದ್ರ ಸಾಯ್ತಾವ. ಬ್ಯಾರೆ ಏನರ ಕೊಡ್ರಿ. ಹುಣಸಿಬೀಜ ಕೊಡ್ರಿ, ಗ್ವಾಡಿ ಕಲ್ಲ ತೋರಸ್ರಿ, ಎಷ್ಟಿದ್ರೂ ಎಣಸ್ತೀನಿ."

ಸಾಹೇಬರು ತಲೆಯೆತ್ತಿದರು. ಏನಂದಳು ಎಂದು ಕೇಳಿದರು.

"ಗಿನ್ತೀ ನಹೀ ಆತೀ, ಹುಜೂರ್," ಎಣಿಸಲು ಬಾರದು ಎಂದುಬಿಟ್ಟ ಕರಿಬಸಯ್ಯ.

ಇಷ್ಟುದ್ದ ಮಾತಾಡಿದಳಲ್ಲ ಎಂದು ಸಾಹೇಬರಿಗೆ ಅನುಮಾನ. ಕಾಡುಜನ, ಬಾಯಿಗೆ ಬಂದದ್ದು ಬಡಬಡಿಸುತ್ತಾರೆ ಎಂದು ಮಾಸ್ತರ ಕೈಮುಗಿದು ನಕ್ಕ. ಗಿನ್ತಿ ಎಂಬ ಮಾತು ಆಶಮ್ಮನಿಗೆ ಗೊತ್ತಿತ್ತು. ಅಮೀನ ದೊಡ್ಡಿಯಲ್ಲಿ ನಿಂತು ಕೂಗಿದ್ದು ಅದನ್ನೇ.

"ಗಿನ್ತೀ ಆತೀ," ಎಂದಳು, ನೇರ ಸಾಹೇಬರಿಗೆ.

ಸಾಹೇಬರ ಕೈ ತಡೆಯಿತು. ತಮ್ಮ ಹೊತ್ತಿಗೆಯನ್ನು ನೋಡಿಕೊಂಡರು. ಇದ್ದದ್ದನ್ನು ಇದ್ದ ಹಾಗೆ ಒಂದೇ ಸಲ ಕೇಳಬೇಕು, ಪ್ರಶ್ನೆ ಬದಲಿಸುವಂತಿಲ್ಲ ಎಂದು ಅದರಲ್ಲಿತ್ತಂತೆ. ಕೆಮ್ಮಿದರು. ಬರೆದುಕೊಂಡರು.

ಹೊರಗಿನ ಕಟ್ಟೆಯ ಮೇಲೆ ಕೂತ ಹುಡುಗಿಯರಿಗೆ ಒಳಗಿನ ಮಾತು ಕೇಳಿಸುತ್ತಿತ್ತು; ಪೇಟೆಯಲ್ಲಿ ಬೆಳೆದವರಿಗೆ ಉರ್ದು ಅಷ್ಟಿಷ್ಟು ತಿಳಿಯುತ್ತಿತ್ತು. ಇದು ಹೈದರಾಬಾದಿನ ಮನೆತನಸ್ಥ ಹುಡುಗರ ಮೇಲೆ ನೋಡಿ ಮಾಡಿದ ಇಮ್ತಿಹಾನು, ಯಾವ ಮಗುವಿಗೆ ಎಲ್ಲಿಂದ ಹೇಳಿಕೊಡಬೇಕೆಂದು ತಿಳಿಯಲು ಇರುವಂಥದು, ಹೊರಗೆ ಹಾಕುವುದಕ್ಕಲ್ಲ ಎಂದು ಸಾಹೇಬರು ಹೇಳುತ್ತಿದ್ದರು. ಮಾಸ್ತರ ತಾನೊಬ್ಬನೇ ಅಂದ, ಅರ್ಧ ಸೂರು ಸೋರುತ್ತದೆ ಅಂದ, ಈಗ ದೊಡ್ಡವರ ಮಕ್ಕಳು ಬರುತ್ತಿದ್ದಾರೆ, ಜಾಗವಿಲ್ಲ ಅಂದ. ಸಾಹೇಬರಿಗೆ ಹೊತ್ತಿಳಿಯುವುದರೊಳಗೆ ಕೃಷ್ಣೆಯ ಹರಿಗೋಲು ಹಿಡಿದು ಗದ್ವಾಲ ಸೇರಬೇಕಿತ್ತು. ಮಾಸ್ತರ ಮುಂದೆ ಹಿಡಿದ ಪಟ್ಟಿಗೆ ರುಜು ಹಾಕಿದರು.

ಅಮರಮ್ಮ ಪಾಸಾದಳು. ಆಶಮ್ಮನ ಹೆಸರು ಹೋಯಿತು. ಚೀಲ ತಂದುಕೊಟ್ಟು ಕಟ್ಟೆಯ ಮೇಲೆ ಕೂಡಬಹುದು, ಒಳಗೆ ಬರುವಂತಿಲ್ಲ.

ಮನೆಯ ದಾರಿಯಲ್ಲಿ ಅಮರಮ್ಮ ಅವಳ ಹೆಗಲ ಮೇಲೆ ಕೈಹಾಕಿದಳು. ಪಾಪ ಎನ್ನಿಸಿತ್ತೋ ಏನೋ. "ಅಳಬ್ಯಾಡಲೇ. ನೀ ದಡ್ಡಿ ಅಂತ ನಾ ಯಾವಾಗರ ಅಂದೀನೇನು? ಸರಕಾರ ಅಂದೈತಿ."

ಆಶಮ್ಮ ಅಳುತ್ತಿರಲಿಲ್ಲ. ರಿಬ್ಬನ್ನಿನ ಗಂಟು ಸಡಿಲಾದದ್ದು ಕಾಣುತ್ತಿತ್ತು. ಅದನ್ನು ಬಿಗಿ ಮಾಡಿ ಕಟ್ಟಿದಳು, ಅಮರಮ್ಮ ಹಾ ಎನ್ನುವಷ್ಟು ಬಿಗಿ.

ಹಟ್ಟಿಯಲ್ಲಿ ಕುರುಮಮ್ಮ ಮೊದಲು ಮಗಳ ತಲೆ ಸವರಿದಳು. ಎಣಿಸದಿದ್ದದ್ದು ಒಳ್ಳೆಯದೇ ಆಯಿತು, ಅಮೀನನ ಬುದ್ಧಿ ನಮಗೆ ಬೇಡ ಎಂದಳು. ಆಮೇಲೆ ಕೊಟ್ಟಿಗೆಗೆ ಹೋದಳು. ಅಲ್ಲಿ ಮಹಾಂತಮ್ಮ ಓಣಿಗೆಲ್ಲ ಮಾದಲಿ ಸಿಹಿ ಹಂಚುತ್ತಿದ್ದಳು. ನಿನ್ನ ಮಗಳಿಗೆ ಬುದ್ಧಿ ಇಲ್ಲಂತಲ್ಲೇ, ನಾಳೆಯಿಂದ ಸಗಣಿಗೆ ಹಚ್ಚು ಎಂದು ಶರಣಯ್ಯ ಎಲ್ಲರೆದುರು ನಕ್ಕ. ಕೊಬ್ಬಿದ ಗೂಳಿಯಂಥ ಸಾವ್ಕಾರನ ಎದುರೇ ಕುರುಮಮ್ಮ ಸೆರಗಿನಲ್ಲಿ ಮಾದಲಿ ಕಟ್ಟಿಕೊಂಡು ಬಂದು ಮಗಳ ಮುಂದೆ ಚೆಲ್ಲಿದಳು.

"ತಿನ್ನು, ಆ ರಂಡಿ ಮಗಳು ಪಾಸಾದದ್ದಕ್ಕ. ಎಣಸಿದ್ರ ಏನಾಗ್ತಿತ್ತು ನಿಂದು? ಕಾಗದದ ಕುರಿ. ಅದಕ್ಯಾವ ಬ್ಯಾನಿ ಬರ್ತಿತ್ತು?"

"ನೀನ ಅಲ್ಲೇನಬೇ, ಎಣಸಬ್ಯಾಡ ಅಂತ ಕಲಿಸಿದಾಕಿ?"

"ಹೌದು, ಕಲಿಸಿದೆ. ನನ್ನ ಬಾಯಿಗೆ ಹುಳ ಬೀಳಲಿ," ಎಂದು ಕುರುಮಮ್ಮ ಗೋಡೆಯ ಕಡೆ ತಿರುಗಿ ಕೂತಳು. ಮಾದಲಿಯನ್ನು ಇಬ್ಬರೂ ಮುಟ್ಟಲಿಲ್ಲ.

ಮರುದಿನ ಆಶಮ್ಮ ಎಂದಿನಂತೆ ಚೀಲ ಹೊತ್ತು ಶಾಲೆಗೆ ಹೋದಳು. ಕಟ್ಟೆಯ ಮೇಲೆ ನಿಲ್ಲಲಿಲ್ಲ. ಒಳಗೆ ನಡೆದು, ಮಾಸ್ತರನ ಎದುರಿನ ಹೊಸ ಚಾಪೆಯ ಮೇಲೆ ಕೂತಳು. ಹಿಂದಿನ ಗೋಡೆಯ ಬಳಿ ಕೂತಿದ್ದರೆ ಕರಿಬಸಯ್ಯ ಕಂಡೂ ಕಾಣದಂತೆ ಬಿಡುತ್ತಿದ್ದನೇನೋ. ಅವಳಿಗೆ ಆ ಚಾಪೆಯೇ ಬೇಕಿತ್ತು.

ಅಮರಮ್ಮ ನಿಂತೇ ಇದ್ದಳು. ಆಮೇಲೆ ಅತ್ತಳು.

ಕರಿಬಸಯ್ಯ ಬೈದ. ಕತ್ತೆ ಅಂದ, ಕುರಿಯ ಹೊಟ್ಟೆಯಲ್ಲಿ ಹುಟ್ಟಿದವಳೇ ಅಂದ. ರೆಟ್ಟೆ ಹಿಡಿದು ಎಳೆದು ಕಟ್ಟೆಯ ಕೆಳಗೆ ದಬ್ಬಿದ. ಮೊಣಕಾಲು ತರಚಿತು. ಎದ್ದು ಬಂದು ಮತ್ತೆ ಅದೇ ಚಾಪೆಯ ಮೇಲೆ ಕೂತಳು. ಬೆತ್ತ ತೆಗೆದ. ಬೆನ್ನು ಕೊಟ್ಟಳು. ಮತ್ತೆ ದಬ್ಬಿದ, ಮತ್ತೆ ಬಂದಳು. ಅಂದು ಪಾಠ ನಡೆಯಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಮನೆಗೆ ಹೋದರು. ಅಮರಮ್ಮ ತನ್ನ ಚೀಲ ತಾನೇ ಹೊತ್ತು ಹೋದಳು.

ಹೊತ್ತು ಮುಳುಗುವಾಗ ಕರಿಬಸಯ್ಯ ಕುರುಮಮ್ಮನನ್ನು ಕರೆಸಿದ. ಕೈಯೆಲ್ಲ ಸಗಣಿಯಾಗಿದ್ದ ಅವಳು ಬಾಗಿಲಲ್ಲಿ ನಿಂತು ಮಗಳ ಬೆನ್ನಿನ ಬಾಸುಂಡೆ ನೋಡಿದಳು. ಕರಕೊಂಡು ಹೋಗು, ಇಲ್ಲವಾದರೆ ನಿನ್ನ ಕೊಟ್ಟಿಗೆ ಕೆಲಸವೂ ಹೋಗುತ್ತದೆಂದು ಸಾವ್ಕಾರರು ಹೇಳಿ ಕಳಿಸಿದ್ದಾರೆ ಎಂದ ಮಾಸ್ತರ.

"ಬರ್ತೀಯೇನವ್ವ?" ಎಂದು ಕೇಳಿದಳು ಕುರುಮಮ್ಮ.

ಆಶಮ್ಮ ಇಲ್ಲವೆಂದು ತಲೆಯಾಡಿಸಿದಳು. ಕುರುಮಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು, ಮಡಿಲಿನಿಂದ ಸಜ್ಜೆರೊಟ್ಟಿ ತೆಗೆದು ಮಗಳ ಕೈಗಿಟ್ಟು, ಮಾಸ್ತರನ ಕಡೆ ನೋಡದೆ ಮೆಟ್ಟಿಲಿಳಿದು ಹೋದಳು.

ಕರಿಬಸಯ್ಯ ಗೂಟದಿಂದ ಬೀಗ ತೆಗೆದ.

"ಬೀಗ ಜಡೀತೀನಿ ನೋಡು. ಒಳಗ ಬಿದ್ದು ಸಾಯ್ತಿ."

ಆಶಮ್ಮ ರೊಟ್ಟಿ ಮುರಿದಳು.

"ಜಡೀರಿ," ಎಂದಳು. "ಮುಂಜಾನೆ ತೆಗೀಲೇಬೇಕಲ್ಲರಿ. ಅಮರಮ್ಮಗಿಂತ ಮದ್ಲ ನಾ ಕೂತಿರ್ತೀನಿ."

ಅವಳು ಅಗಿಯುತ್ತಿದ್ದಳು. ಒಂದು ಕದ ಮುಚ್ಚಿ, ಇನ್ನೊಂದಕ್ಕೆ ಕೈಹಚ್ಚಿ ಕರಿಬಸಯ್ಯ ನಿಂತಿದ್ದ. ಇನ್ನೊಂದು ಕೈಯಲ್ಲಿ ಬೀಗ ಬಾಯಿ ತೆರೆದುಕೊಂಡೇ ಇತ್ತು.